ಹಿತ್ತಲ ಟೊಮೆಟೊ: ನಾಲ್ಕೇ ಗಿಡ ಇರಲಿ, ರೋಗದ ಗಿಡ ಬೇಡ

ಕೋಲಾರದವರಿಗೆ ಟೊಮೆಟೊ ಬೆಳೆಯುವುದನ್ನು ಹೇಳಿಕೊಡಲು ಹೊರಟರೆ ಮೀನಿನ ಮರಿಗೆ ಈಜು ಕಲಿಸಿದಂತಾದೀತೆಂದು ವಾಚಕ ಮಹಾಶಯರು ನಗಬಹುದು. ನಗಲಿ, ಅಡ್ಡಿಯಿಲ್ಲ. ಹೊಲದಲ್ಲಿ ಬೆಳೆಯುವ ರೈತನಿಗೆ ಈ ಅಂಕಣ ಏನನ್ನೂ ಕಲಿಸಲು ಹೊರಟಿಲ್ಲ. ಮಾತು ಇರುವುದು ಅಂಗಡಿ ಬಾಗಿಲು ಹಾಕಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವವರ, ಬೆಳಗ್ಗೆ ಆರಕ್ಕೆ ಬೆಂಗಳೂರಿನ ಬಸ್ಸು ಹಿಡಿದು ಕತ್ತಲಾದ ಮೇಲೆ ಇಳಿಯುವವರ ಹಿತ್ತಲಿನ ಬಗ್ಗೆ. ಅಲ್ಲಿ ನಾಲ್ಕು ಕುಂಡ, ಎರಡು ಹಳೇ ಬಕೆಟ್ಟು, ಒಂದು ಒಡೆದ ಡ್ರಮ್ಮು ಇರುತ್ತವೆ. ಒಂದೊಂದರಲ್ಲೂ ಒಂದು ಟೊಮೆಟೊ ಗಿಡ. ಎಲೆ ಮುದುರಿಕೊಂಡು, ಮೊಳಕಾಲುದ್ದಕ್ಕೇ ನಿಂತು, ಬಿಟ್ಟ ನಾಲ್ಕು ಹೂವನ್ನೂ ಉದುರಿಸುತ್ತ, ಅತ್ತ ಸಾಯದೆ ಇತ್ತ ಬದುಕದೆ ನಿಂತಿರುತ್ತದೆ. ಇಂಥ ಗಿಡದಿಂದ ಮನೆಯವರಿಗೆ ಲಾಭವಿಲ್ಲ, ಹೋಗಲಿ. ಪಕ್ಕದ ಹೊಲದವನಿಗೆ ನಷ್ಟವಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಇವತ್ತಿನ ಮಾತು ಅದು.

ಈ ಕುಂಡದ ಹುಚ್ಚು ಜೋರಾಗುವುದು ಬೆಲೆ ಏರಿದಾಗ. 2023ರ ಜುಲೈ ತಿಂಗಳನ್ನು ಯಾರೂ ಮರೆತಿರಲಾರರು. ನಮ್ಮ ಮಂಡಿಯಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿತು. ಚಿಲ್ಲರೆ ಅಂಗಡಿಯಲ್ಲಿ ಕಿಲೋಗೆ ನೂರು ದಾಟಿ ಮೇಲಕ್ಕೆ ಹೋಯಿತು. ಕೇಂದ್ರ ಸರ್ಕಾರವೇ ಜುಲೈ 14ರಿಂದ ದೆಹಲಿಯ ಬೀದಿಗಳಲ್ಲಿ 90 ರೂಪಾಯಿಗೆ ಕಿಲೋ ಮಾರಿಸಬೇಕಾಯಿತು. ಹೊಲಕ್ಕೆ ರಾತ್ರಿ ಕಾವಲು ಹಾಕಿದ ರೈತರಿದ್ದರು. ಹೋಟೆಲಿನ ಸಾರಿನಲ್ಲಿ ಬರೀ ಹುಣಸೆಹುಳಿಯ ರುಚಿ. ಆಗ ಊರಿಗೆ ಊರೇ ಕುಂಡ ಹುಡುಕಿಕೊಂಡು ಹೊರಟಿತು. ಗಿಡ ಹೂ ಬಿಡುವ ಹೊತ್ತಿಗೆ ಸೆಪ್ಟೆಂಬರ್ ಬಂತು, ಬೆಲೆ ನೆಲಕಚ್ಚಿತು, ಕುಂಡಕ್ಕೆ ನೀರು ಹಾಕುವುದೂ ನಿಂತಿತು. ಪ್ರತಿ ಸಲ ಬೆಲೆ ಏರಿದಾಗಲೂ ಇದೇ ನಾಟಕ.

ಆದರೆ ಆ ವರ್ಷ ಬೆಲೆ ಏರಿದ್ದೇಕೆ? ದಲ್ಲಾಳಿಗಳ ಕೈವಾಡ ಎಂದು ಬಸ್ಸಿನಲ್ಲಿ ಮಾತಾಡಿಕೊಂಡದ್ದುಂಟು. ದಲ್ಲಾಳಿಗಳನ್ನು ವಹಿಸಿಕೊಂಡು ಮಾತಾಡುವ ಅಗತ್ಯ ಈ ಅಂಕಣಕ್ಕಿಲ್ಲ. ಆದರೆ ಮಾಲೇ ಕಡಿಮೆ ಬಂದದ್ದು ನಿಜ, ಮಾಲು ಕಡಿಮೆಯಾಗಲು ಒಂದು ಮುಖ್ಯ ಕಾರಣ ನಮ್ಮ ಜಿಲ್ಲೆಯ ಹೊಲಗಳಿಗೆ ಬಿದ್ದ ಎಲೆ ಮುಟುರು ರೋಗ. ಅದು ವೈರಸ್ಸಿನ ರೋಗ. ಹರಡುವುದು ಬಿಳಿ ನೊಣದಿಂದ. ಸಾಸಿವೆ ಕಾಳಿಗಿಂತ ಸಣ್ಣ ಹುಳು, ಎಲೆಯ ಅಡಿಯಲ್ಲಿ ಕೂತು ರಸ ಹೀರುತ್ತದೆ, ಗಿಡ ಅಲುಗಿಸಿದರೆ ಸುಣ್ಣದ ಪುಡಿ ಹಾರಿದ ಹಾಗೆ ಏಳುತ್ತದೆ. ರೋಗದ ಗಿಡದಲ್ಲಿ ಕೂತು ಎದ್ದ ನೊಣ ಒಳ್ಳೆಯ ಗಿಡದ ಮೇಲೆ ಕೂತರೆ ಅದಕ್ಕೂ ಬಂತು. ನಾಟಿ ಮಾಡಿದ ಮೊದಲ ಮೂರು ನಾಲ್ಕು ವಾರದಲ್ಲಿ ರೋಗ ತಗುಲಿದರೆ ಆ ಗಿಡದಿಂದ ಹಣ್ಣಿನ ಆಸೆ ಬಿಡಬೇಕು. ಬಂದ ಮೇಲೆ ಔಷಧಿಯಿಲ್ಲ. ಅಂಗಡಿಯಲ್ಲಿ ಕೊಡುವ ಔಷಧಿಯೆಲ್ಲ ನೊಣಕ್ಕೆ, ರೋಗಕ್ಕಲ್ಲ.

ಈಗ ನಮ್ಮ ಊರಿನ ನಕ್ಷೆ ನೆನೆದುಕೊಳ್ಳಿ. ಊರು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂದು ಗೆರೆ ಹಾಕಿ ತೋರಿಸಲು ಯಾರಿಂದಲೂ ಆಗುವುದಿಲ್ಲ. ಹೊಸ ಬಡಾವಣೆಯ ಕಡೇ ಸಾಲಿನ ಮನೆಯ ಕಾಂಪೌಂಡಿನಾಚೆ ನೀಲಗಿರಿ ಕಡ್ಡಿ ನೆಟ್ಟ ಟೊಮೆಟೊ ತೋಟ. ಬಿಳಿ ನೊಣ ಖಾತೆ, ಪಹಣಿ ನೋಡಿ ಹಾರುವುದಿಲ್ಲ. ನಿಮ್ಮ ತಾರಸಿಯ ಮುದುರಿದ ಗಿಡ ಆ ತೋಟಕ್ಕೆ ರೋಗದ ಉಗ್ರಾಣ. ಸಾಲ ಮಾಡಿ ಸಸಿ, ಡ್ರಿಪ್ಪು, ಕಡ್ಡಿ, ಕೂಲಿ ಎಂದು ಸುರಿದವನ ಬೆಳೆ ಹೋಗುವುದಕ್ಕೆ ನಮ್ಮ ಶೋಕಿಯ ಕುಂಡವೂ ಒಂದು ದಾರಿಯಾದರೆ ಅದು ನ್ಯಾಯವೆ?

ರೈತರ ಕಡೆಯೂ ತಪ್ಪಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಬೆಲೆ ಬಿದ್ದಾಗ ಕೀಳುವ ಕೂಲಿಯೂ ಹುಟ್ಟುವುದಿಲ್ಲವೆಂದು ತೋಟವನ್ನು ಹಾಗೆಯೇ ಒಣಗಲು ಬಿಡುವುದು ನಮ್ಮಲ್ಲಿ ರೂಢಿ. ಹಾಗೆ ಬಿಟ್ಟ ಒಂದೆಕರೆಯ ಮುಂದೆ ನಮ್ಮ ನಾಲ್ಕು ಕುಂಡ ಯಾವ ಲೆಕ್ಕ ಎನ್ನಬಹುದು. ಒಪ್ಪೋಣ. ಆದರೆ ರೈತ ಬಿಡುವುದು ಕೈ ಖಾಲಿಯಾಗಿ. ನಾವು ಬಿಡುವುದು ಸೋಮಾರಿತನಕ್ಕೆ, ಇಲ್ಲವೇ ಕನಿಕರಕ್ಕೆ.

ಕನಿಕರ ಅಂದದ್ದು ತಮಾಷೆಗಲ್ಲ. "ಎಲೆ ಮುದುರಿದ್ರೇನ್ ಸಾರ್, ಜೀವ ಐತೆ, ಕೀಳಾಕೆ ಮನಸ್ಸು ಬರಲ್ಲ" ಎಂದು ಹೇಳಿದ ಅಂಗಡಿಯವರೊಬ್ಬರಿದ್ದಾರೆ. ಒಳ್ಳೆಯ ಮನುಷ್ಯ. ಆದರೆ ಈ ವಿಷಯದಲ್ಲಿ ಒಳ್ಳೆಯತನ ಕೆಲಸಕ್ಕೆ ಬಾರದು. ಚಿಗುರಿನ ಎಲೆ ದೋಣಿಯ ಹಾಗೆ ಮೇಲಕ್ಕೆ ಮಡಿಚಿ, ಹಳದಿ ತಿರುಗಿ, ಗಿಡ ಗಿಡ್ಡಗೆ ಪೊದೆಯಂತೆ ನಿಂತಿತೋ, ಅವತ್ತೇ ಬೇರು ಸಮೇತ ಕಿತ್ತು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಬಾಯಿ ಬಿಗಿದು ಕಟ್ಟಬೇಕು. ಪಕ್ಕದ ಖಾಲಿ ಸೈಟಿಗೆ ಎಸೆಯಬಾರದು, ತಿಪ್ಪೆಗೂ ಹಾಕಬಾರದು. ಒಂದು ಎಚ್ಚರ: ಬಿಸಿಲಿನ ಝಳಕ್ಕೆ ಕೆಳಗಿನ ಹಳೆಯ ಎಲೆಗಳು ಸುರುಳಿಯಾಗುವುದುಂಟು, ಅದು ರೋಗವಲ್ಲ. ನೋಡಬೇಕಾದ್ದು ಚಿಗುರನ್ನು.

ಸಸಿಯೇ ರೋಗಿಯಾದರೆ?

ರೋಗ ಬಹಳ ಸಲ ಮನೆಗೆ ಬರುವುದು ನೊಣ ಹಾರಿ ಬಂದಲ್ಲ, ನಾವೇ ಕೈಯಾರೆ ತಂದು. ನರ್ಸರಿಯವರು ಸಸಿ ಬೆಳೆಸುವುದು ರೈತರಿಗಾಗಿ. ಅವರ ವ್ಯಾಪಾರ ಸಾವಿರದ ಲೆಕ್ಕದಲ್ಲಿ. ಐದು ಸಸಿ ಕೇಳಿಕೊಂಡು ಹೋದವನಿಗೆ ಸಿಕ್ಕುವುದು ರೈತ ಬೇಡವೆಂದು ಬಿಟ್ಟುಹೋದ ಟ್ರೇಯ ಮೂಲೆಯದು. ನಲವತ್ತು ಐವತ್ತು ದಿನದ ಮುದಿ ಸಸಿ, ಕಡ್ಡಿಯಂತೆ ಬೆಳೆದು ತುದಿಯಲ್ಲಿ ಹೂ ಬಿಟ್ಟಿರುತ್ತದೆ. ಹೂ ಇದೆಯಲ್ಲ, ಬೇಗ ಕಾಯಿ ಬರುತ್ತೆ ಎಂದು ಮನೆಯಾಕೆ ಸಂತೋಷಪಡುತ್ತಾರೆ. ಟ್ರೇಯಲ್ಲೇ ಹೂ ಬಿಟ್ಟ ಸಸಿ ದಣಿದ ಸಸಿ. ಬೇಕಾದ್ದು 25ರಿಂದ 30 ದಿನದ್ದು, ದಪ್ಪ ಕಾಂಡದ್ದು, ನಾಲ್ಕೈದು ಎಲೆ ಬಲಿತದ್ದು, ಎಲೆಯಡಿಯಲ್ಲಿ ಏನೂ ಅಂಟಿಕೊಂಡಿಲ್ಲದ್ದು. ಎಲೆ ತಿರುಗಿಸಿ ನೋಡಿಯೇ ಕಾಸು ಕೊಡಿ. ಬದನೆಕಾಯಿ ಕೊಳ್ಳುವಾಗ ತೊಟ್ಟು ತಿರುಗಿಸಿ ಹುಳುಕು ನೋಡುವವರು ಇಲ್ಲಿ ಯಾಕೆ ನಾಚಿಕೊಳ್ಳಬೇಕು?

ಹೆಸರುಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ರಕ್ಷಕ್ ಎಂಬ ಹೈಬ್ರಿಡ್ ತಳಿ ಮಾಡಿದ್ದಾರೆ. ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುವ ಶಕ್ತಿ ಇದಕ್ಕಿದೆ. ತಡೆದುಕೊಳ್ಳುತ್ತದೆ ಎಂದರೆ ಹತ್ತಿರವೇ ಸುಳಿಯುವುದಿಲ್ಲವೆಂದಲ್ಲ. ಆದರೆ ಹೆಸರಿಲ್ಲದ ಸಸಿಗಿಂತ ನೂರು ಪಾಲು ವಾಸಿ. ಒಂದು ಗಿಡಕ್ಕೆ 18, 19 ಕೆಜಿ ಹಣ್ಣು ಬಂತೆಂದು ಈ ತಳಿಯ ಬಗ್ಗೆ ಪತ್ರಿಕೆಗಳಲ್ಲಿ ಬಂದಿತ್ತು. ಅದು ಹೊಲದಲ್ಲಿ, ಡ್ರಿಪ್ಪು ಗೊಬ್ಬರವೆಲ್ಲ ಲೆಕ್ಕಾಚಾರವಾಗಿ ಕೊಟ್ಟ ರೈತನ ಕೈಯಲ್ಲಿ. ಬಕೆಟ್ಟಿನಲ್ಲಿ ಅಷ್ಟು ಬರುತ್ತದೆಂದು ನಂಬಿ ಕೂರಬೇಡಿ. ಬೀಜ ಉಳಿಸಿಕೊಳ್ಳುವ ಹಂಬಲದವರು ಅದೇ ಸಂಸ್ಥೆಯ ಅರ್ಕಾ ವಿಕಾಸ್, ಅರ್ಕಾ ಸೌರಭ್ ತಳಿ ಹಾಕಬಹುದು. ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ಸಲ ಮಗ ಅಪ್ಪನಂತೆ ಹುಟ್ಟುವ ಭರವಸೆಯಿಲ್ಲ. ಸಾರಿಗೆ ಹುಳಿ ಬೇಕು, ನಾಟಿಯೇ ಆಗಬೇಕು ಎನ್ನುವವರು ನಾಟಿ ಹಾಕಲಿ, ಆದರೆ ಗಿಡವನ್ನು ದಿನಾ ನೋಡಬೇಕಾದೀತು.

ಮನೆಯಲ್ಲೇ ಬೀಜ ಹಾಕುವುದಾದರೆ ಟೀ ಕಪ್ಪಿನ ಅಡಿಗೆ ತೂತು ಮಾಡಿ ತೆಂಗಿನ ನಾರಿನ ಪುಡಿ ತುಂಬಿದರೆ ಸಾಕು. ಮೇಲೆ ಹೊದಿಸಲು ಸೊಳ್ಳೆ ಪರದೆ ಸಾಲದು, ಬಿಳಿ ನೊಣ ಅದರಲ್ಲಿ ಆರಾಮವಾಗಿ ನುಸುಳುತ್ತದೆ. ಗೊಬ್ಬರದಂಗಡಿಯಲ್ಲಿ 40 ಮೆಷ್ ನೈಲಾನ್ ಪರದೆ ಕೇಳಿ. ಒಂದು ಮೊಳ ಸಾಕು, ಐದಾರು ವರ್ಷ ಬರುತ್ತದೆ.

ಸಸಿ ನೆಡುವಾಗ ಕೆಳಗಿನ ಎಲೆ ತೆಗೆದು ಕಾಂಡದ ಅರ್ಧ ಭಾಗ ಮಣ್ಣಿನೊಳಗೆ ಹೋಗುವಂತೆ ಆಳವಾಗಿ ನೆಡಿ. ಬೇರೆ ಗಿಡಕ್ಕೆ ಹೀಗೆ ಮಾಡಿದರೆ ಕೊಳೆಯುತ್ತದೆ. ಟೊಮೆಟೊ ಮಾತ್ರ ಹೂತ ಕಾಂಡದ ಉದ್ದಕ್ಕೂ ಬೇರು ಬಿಡುತ್ತದೆ. ಕಡ್ಡಿಯಂತೆ ಉದ್ದವಾದ ಸಸಿಯೇ ಸಿಕ್ಕಿದ್ದರೂ ಈ ಉಪಾಯದಿಂದ ಸ್ವಲ್ಪ ಸುಧಾರಿಸುತ್ತದೆ.

ಎಣ್ಣೆ ಡಬ್ಬ, ರಾಗಿ ಹುಲ್ಲು

ಜಾಗದ ವಿಷಯಕ್ಕೆ ಬಂದರೆ, ಎರಡು ಮನೆಗಳ ನಡುವಿನ ಮೂರಡಿ ಸಂದಿಯಲ್ಲಿ ಟೊಮೆಟೊ ಬರುವುದಿಲ್ಲ. ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು. ಇಲ್ಲದಿದ್ದರೆ ಗಿಡ ಆಕಾಶ ನೋಡುತ್ತ ಉದ್ದವಾಗುತ್ತದೆ, ಹಣ್ಣು ಬಿಡುವುದಿಲ್ಲ. ಅಂಥವರಿಗೆ ತಾರಸಿಯೇ ಗತಿ. ಕುಂಡ ಕೊಳ್ಳಲು ನೂರಾರು ರೂಪಾಯಿ ಕೊಡುವ ಬದಲು ಕಿರಾಣಿ ಅಂಗಡಿಯವರು 15 ಕೆಜಿ ಎಣ್ಣೆ ಡಬ್ಬವನ್ನೇ ಚೆನ್ನಾಗಿ ತೊಳೆದು ಅಡಿಗೆ ಐದಾರು ತೂತು ಹೊಡೆದು ಬಳಸಬಹುದು. ಗಿಡಕ್ಕೊಂದು ಡಬ್ಬ, ಎರಡು ಗಿಡ ತುರುಕಬೇಡಿ. ತಗಡು ಬಿಸಿಲಿಗೆ ಕಾಯುತ್ತದಾದ್ದರಿಂದ ಸುತ್ತ ಗೋಣಿಚೀಲ ಕಟ್ಟಿ.

ಮಣ್ಣು ಮಾತ್ರ ಹೊಸ ಸೈಟಿನದು ಬೇಡ. ಅದು ಮಣ್ಣಲ್ಲ, ಮೇಸ್ತ್ರಿಗಳು ಬಿಟ್ಟುಹೋದ ಗಾರೆ, ಜಲ್ಲಿ, ಸಿಮೆಂಟು. ನಮ್ಮ ಹೊಲದ ಕೆಂಪು ಮಣ್ಣು ಎರಡು ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳು ಅಥವಾ ನಾರಿನ ಪುಡಿ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಅರೆಬರೆ ಕಳಿತ ಸೆಗಣಿ ಹಾಕಿದರೆ ಗೊಣ್ಣೆ ಹುಳು ಉಚಿತವಾಗಿ ಬರುತ್ತದೆ. ಹಿಂದಿನ ಸಲ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಇದ್ದ ಜಾಗ ಬೇಡ. ಎಲ್ಲ ಒಂದೇ ಕುಲದವು, ಒಂದರ ರೋಗ ಇನ್ನೊಂದಕ್ಕೆ. ಯೂರಿಯಾ ಸುರಿಯುವವರಿಗೆ ಸೊಪ್ಪು ಸಿಕ್ಕುತ್ತದೆ, ಹಣ್ಣು ಸಿಕ್ಕುವುದಿಲ್ಲ. ಗೊಬ್ಬರದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ನೀರಿನ ಬಗ್ಗೆ ಹೇಳುವ ಅಗತ್ಯವಿದೆ. ನಮ್ಮದು ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ. ಟ್ಯಾಂಕರಿನವನಿಗೆ ದುಡ್ಡು ಕೊಟ್ಟು ಗಿಡಕ್ಕೆ ಹಾಕಿ ಎಂದು ಯಾರೂ ಹೇಳಲಾರರು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಾಲ್ಕು ಗಿಡಕ್ಕೆ ಬಹುಮಟ್ಟಿಗೆ ಆಗುತ್ತದೆ. ಕಾಯಿ ಕಟ್ಟಿದ ಗಿಡಕ್ಕೆ ದಿನಕ್ಕೆ ಒಂದರಿಂದ ಎರಡು ಲೀಟರು. ತೊಂದರೆ ಇರುವುದು ನೀರಿನ ಅಳತೆಯಲ್ಲಿ ಅಲ್ಲ, ನಾವು ಹಾಕುವ ರೀತಿಯಲ್ಲಿ. ಸೋಮವಾರದಿಂದ ಶನಿವಾರದವರೆಗೆ ಬೆಂಗಳೂರು, ಗಿಡದ ಕಡೆ ತಲೆ ಹಾಕುವುದಿಲ್ಲ. ಭಾನುವಾರ ಬೆಳಗ್ಗೆ ಪಶ್ಚಾತ್ತಾಪವಾಗಿ ಎರಡು ಬಿಂದಿಗೆ ಸುರಿಯುತ್ತೇವೆ. ಒಣಗಿದ ಗಿಡ ಒಮ್ಮೆಲೇ ನೀರು ಕುಡಿದರೆ ಹಣ್ಣು ಬಿರಿಯುತ್ತದೆ. ಕಾಯಿಯ ಅಡಿ ಕಪ್ಪಾಗಿ ಚರ್ಮದಂತೆ ಒಣಗುವುದೂ ಬಹುಪಾಲು ಇದರಿಂದಲೇ. ಅದು ಹುಳುವೂ ಅಲ್ಲ, ಅಂಟುರೋಗವೂ ಅಲ್ಲ. ನೀರು ಏರುಪೇರಾದಾಗ ಮಣ್ಣಿನ ಸುಣ್ಣದಂಶ ಕಾಯಿಗೆ ತಲುಪುವುದಿಲ್ಲ, ಅಷ್ಟೆ. ಅದಕ್ಕೆ ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿ ಎಂದು ಹೇಳುವವರಿದ್ದಾರೆ. ಹಾಕಿ, ಕೆಡುಕಿಲ್ಲ. ಆದರೆ ಚಿಪ್ಪು ಕರಗುವುದರೊಳಗೆ ಗಿಡದ ಆಯುಷ್ಯ ಮುಗಿದಿರುತ್ತದೆ.

ಬಸ್ಸು ಹಿಡಿಯುವವರಿಗೆ ಸುಲಭದ ದಾರಿ ರಾಗಿ ಹುಲ್ಲು. ಬುಡದ ಸುತ್ತ ನಾಲ್ಕು ಬೆರಳು ದಪ್ಪಕ್ಕೆ ಹರಡಿದರೆ ತೇವ ಆರುವುದಿಲ್ಲ, ಮಳೆಹನಿಗೆ ಮಣ್ಣು ಚಿಮ್ಮಿ ಎಲೆಗೆ ಅಂಗಮಾರಿ ಹತ್ತುವುದೂ ಕಡಿಮೆ. ಒಂದು ಲೀಟರ್ ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಬುಡದಲ್ಲಿ ತಲೆಕೆಳಗಾಗಿ ಊರಿ ಹೋದರೆ ನೀವು ಸಂಜೆ ಬರುವವರೆಗೆ ಗಿಡ ತಡೆಯುತ್ತದೆ. ನೀರು ಬುಡಕ್ಕೆ ಹಾಕಿ, ಎಲೆಯ ಮೇಲೆ ಎರಚಬೇಡಿ. ಮಣ್ಣಿಗೆ ತಾಗುವ ಎಲೆಗಳನ್ನು ತೆಗೆದುಬಿಡಿ. ಐದಡಿ ನೀಲಗಿರಿ ಕಡ್ಡಿಗೆ ಹಳೇ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಕಡ್ಡಿ ಬೇಕೆಂದರೆ ನಮ್ಮ ಜಿಲ್ಲೆಯಲ್ಲಿ ಪೇಚಾಡಬೇಕೆ?

ಇನ್ನೊಂದು ಮಾತು, ಬೀಡಿ ಸಿಗರೇಟು ಸೇದುವವರಿಗೆ, ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವವರಿಗೆ. ಟೊಮೆಟೊ, ಹೊಗೆಸೊಪ್ಪು ಎರಡೂ ಬಳಗದವು. ಹೊಗೆಸೊಪ್ಪಿನಲ್ಲಿರುವ ಒಂದು ವೈರಸ್ಸು ಬೆರಳಿನ ಮೂಲಕವೇ ಗಿಡಕ್ಕೆ ದಾಟಬಲ್ಲದು. ಬಸ್ಸಿಳಿದು ಬಂದವರು ಸೋಪು ಹಚ್ಚಿ ಕೈ ತೊಳೆದು ಗಿಡ ಮುಟ್ಟಿ. ಬೀಡಿ ಬಿಡಿ ಎಂದು ಮನೆಯಾಕೆ ಹೇಳಿದ್ದಕ್ಕೆ ಬಿಡದವರು ಗಿಡಕ್ಕಾಗಿಯಾದರೂ ಬಿಡಬಹುದು.

ಹಂಗಾಮು ನಮ್ಮ ಕಡೆ ಮನೆ ಮಟ್ಟಿಗೆ ಹೇಳುವುದಾದರೆ ಆಯುಧಪೂಜೆಯ ಆಸುಪಾಸಿನ ನಾಟಿ ಒಳ್ಳೆಯದು. ಡಿಸೆಂಬರಿನಿಂದ ಫೆಬ್ರವರಿವರೆಗೆ ರಾತ್ರಿ ತಂಪಿರುತ್ತದೆ, ಹೂ ನಿಲ್ಲುತ್ತದೆ. ನಡುವೆ ಹಿಡಿದ ಮಳೆ ಬಂದರೆ ತಾರಸಿಯ ಡಬ್ಬಗಳನ್ನು ಒಳಗೆ ಸರಿಸುವ ಅನುಕೂಲ ನಮಗಿದೆ. ರೈತನಿಗೆ ಅದಿಲ್ಲ, 2021ರ ನವೆಂಬರ್ ಮಳೆಯಲ್ಲಿ ಅವನು ಪಟ್ಟ ಪಾಡು ಎಲ್ಲರೂ ಕಂಡದ್ದೇ. ಏಪ್ರಿಲ್ ಬಿಸಿಲು 35 ಡಿಗ್ರಿ ದಾಟಿತೆಂದರೆ ಹೂವಿನ ಪರಾಗವೇ ಕೆಡುತ್ತದೆ, ಹೂ ಉದುರುತ್ತದೆ. ಆಗ ಯಾವ ಟಾನಿಕ್ಕಿಗೂ ದುಡ್ಡು ಹಾಕಬೇಡಿ. ಬೇಸಿಗೆಯಲ್ಲಿ ಬಿಳಿ ನೊಣವೂ ಜಾಸ್ತಿ. ಗಾಳಿಯಾಡದ ಬಾಲ್ಕನಿಯಾದರೆ ಬೆಳಗ್ಗೆ ಹೂಗೊಂಚಲಿನ ಹತ್ತಿರ ಕಡ್ಡಿಯನ್ನು ಎರಡು ಸಲ ತಟ್ಟಿ, ಅದೇ ಪರಾಗಕ್ಕೆ ಸಾಕು.

ಹುಳುವಿಗೆ ಔಷಧಿ? ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ಚೂರು ಸೋಪು, ಸಂಜೆ ಹೊತ್ತು ಎಲೆಯಡಿಗೆ ಸಿಂಪಡಿಸಿ. ಬಿಳಿ ನೊಣ ಕಡಿಮೆಯಾಗುತ್ತದೆ. ಪಕ್ಕದಲ್ಲಿ ಒಂದೆರಡು ಚೆಂಡುಹೂವಿನ ಗಿಡ ಹಾಕಿದರೆ ಕಾಯಿಕೊರಕದ ಚಿಟ್ಟೆ ಹೂವಿಗೆ ಹೋಗಿ ಮೊಟ್ಟೆಯಿಡುತ್ತದೆ. ತೂತು ಬಿದ್ದ ಕಾಯಿ ಕಿತ್ತು ಹುಳು ಹೊಸಕಿ. ಇಷ್ಟೇ. ಆದರೆ ಕೆಲವರು ಪರಿಚಯದ ರೈತನಿಂದ ಹೊಲದ ಔಷಧಿಯನ್ನು ಎರಡು ಮುಚ್ಚಳ ಹಳೇ ನೀರಿನ ಬಾಟಲಿಗೆ ಹಾಕಿಸಿಕೊಂಡು ಬಂದು ಅಡುಗೆಮನೆಯ ಕಿಟಕಿಯ ಮೇಲಿಡುತ್ತಾರೆ. ಚೀಟಿಯಿಲ್ಲ, ಅಳತೆಯಿಲ್ಲ, ಹೊಡೆದ ಮೇಲೆ ಎಷ್ಟು ದಿನ ಹಣ್ಣು ತಿನ್ನಬಾರದೆಂದು ಗೊತ್ತಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ಬಾಟಲಿ ನೀರಿನದೇ! ಇದಕ್ಕಿಂತ ಮಂಡಿಯ ಹಣ್ಣು ತೊಳೆದು ತಿನ್ನುವುದೇ ಕ್ಷೇಮ.

ಲಾಭವೆಷ್ಟು?

ವ್ಯಾಪಾರಸ್ಥರು ಲೆಕ್ಕ ಕೇಳುತ್ತಾರೆ, ಹೇಳಿಬಿಡೋಣ. ಚೆನ್ನಾಗಿ ನೋಡಿಕೊಂಡ ಡಬ್ಬದ ಗಿಡ ಎರಡು ಮೂರು ಕಿಲೋ ಕೊಟ್ಟರೆ ಪುಣ್ಯ. ನಾಲ್ಕು ಗಿಡಕ್ಕೆ ಹತ್ತು ಕಿಲೋ ಎಂದಿಟ್ಟುಕೊಳ್ಳಿ. ಕಿಲೋ ಹತ್ತು ರೂಪಾಯಿ ಇರುವಾಗ ಅದರ ಬೆಲೆ ನೂರು ರೂಪಾಯಿ, ಗೊಬ್ಬರದ ಖರ್ಚೂ ಹುಟ್ಟುವುದಿಲ್ಲ. ನೂರು ಮುಟ್ಟಿದಾಗ ಸಾವಿರ ರೂಪಾಯಿ. ಆದರೆ ಬೆಲೆ ಏರಿದ್ದನ್ನು ನೋಡಿ ಸಸಿ ನೆಟ್ಟರೆ ಮೊದಲ ಹಣ್ಣಿಗೆ ಎರಡು ತಿಂಗಳ ಮೇಲಾಗುತ್ತದೆ, ಅಷ್ಟರಲ್ಲಿ ಬೆಲೆ ಇಳಿದಿರುತ್ತದೆ. ಆದ್ದರಿಂದ ದುಡ್ಡಿಗಾಗಿ ಬೆಳೆಯುತ್ತೇನೆ ಎನ್ನುವವರು ಬೆಳೆಯದಿರುವುದೇ ಲೇಸು.

ಬೆಳೆಯಬೇಕಾದ್ದು ರುಚಿಗೆ. ದೆಹಲಿ, ಬಂಗಾಳದವರೆಗೆ ಲಾರಿಯಲ್ಲಿ ಹೋಗಬೇಕಾದ ಹಣ್ಣನ್ನು ಗಟ್ಟಿ ಕಾಯಿ ಇರುವಾಗಲೇ ಕೀಳುತ್ತಾರೆ. ಆರಿಸಿ ಬಿಟ್ಟದ್ದು ನಮ್ಮ ತಳ್ಳುಗಾಡಿಗೆ ಬರುತ್ತದೆ. ಇಷ್ಟು ದೊಡ್ಡ ಟೊಮೆಟೊ ಸೀಮೆಯಲ್ಲಿದ್ದೂ ಗಿಡದಲ್ಲೇ ಬಣ್ಣ ತಿರುಗಿದ ಹಣ್ಣಿನ ಗೊಜ್ಜು ತಿಂದವರು ಪೇಟೆಯಲ್ಲಿ ಎಷ್ಟು ಮಂದಿ? ಪೂರ್ತಿ ಕೆಂಪಾಗುವವರೆಗೆ ಬಿಟ್ಟರೆ ಅಳಿಲು, ಕೋತಿಯ ಪಾಲು. ಮುಕ್ಕಾಲು ಬಣ್ಣ ಬಂದಾಗ ಕಿತ್ತು ಅಡುಗೆಮನೆಯ ತಟ್ಟೆಯಲ್ಲಿಡಿ. ಫ್ರಿಜ್ಜಿಗೆ ಹಾಕಿದರೆ ಆ ರುಚಿ ಹೋಯಿತು.

ಇನ್ನು ಸರ್ಕಾರಿ ಮಹನೀಯರಿಗೆ ಒಂದು ಕೇಳಿಕೆ. ಹೆಸರುಘಟ್ಟ ಇಲ್ಲಿಂದ ದೂರದ ದೇಶವೇನಲ್ಲ. ನಮ್ಮ ಟಮಕದಲ್ಲೇ ತೋಟಗಾರಿಕೆ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ರೋಗ ತಡೆಯುವ ತಳಿಯ ಸಸಿಯನ್ನು ಸಾವಿರದ ಲೆಕ್ಕದಲ್ಲಲ್ಲದೆ ನಾಲ್ಕು ನಾಲ್ಕರ ಕಟ್ಟಾಗಿ, ಜತೆಗೆ ಎರಡು ಕೆಜಿ ಕಳಿತ ಗೊಬ್ಬರದ ಚೀಲ, ಎಲೆ ಮುಟುರು ರೋಗದ ಒಂದು ಚಿತ್ರವಿರುವ ಚೀಟಿ ಇಟ್ಟು ಪೇಟೆಯಲ್ಲಿ ಮಾರಿಸುವುದು ಅಸಾಧ್ಯವಾದ ಕೆಲಸವೆ? ಪುಕ್ಕಟೆ ಕೊಡಬೇಡಿ. ಪುಕ್ಕಟೆ ಸಸಿಗೆ ಯಾರೂ ನೀರು ಹಾಕುವುದಿಲ್ಲ. ಗೊಬ್ಬರಕ್ಕೆ ಮಾರುಕಟ್ಟೆಯ ತರಕಾರಿ ಕಸವೇ ಇದೆ. ಹಸಿ ಕಸ ಬೇರೆ ಮಾಡಬೇಕೆಂಬ ನಿಯಮ 2016ರಲ್ಲೇ ಬಂದಿದೆ.

ಮೇಜನ್ನು ಹಾಕುವುದಾದರೆ ಕಚೇರಿಯ ಆವರಣದಲ್ಲಿ ಬೆಳಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ಹಾಕಬೇಡಿ ಸ್ವಾಮಿ. ಆ ಹೊತ್ತಿನಲ್ಲಿ ಅಂಗಡಿಯವನು ಅಂಗಡಿಯಲ್ಲಿ, ನೌಕರ ಬೆಂಗಳೂರಿನಲ್ಲಿ. ಬಸ್ ನಿಲ್ದಾಣದ ಹೊರಬಾಗಿಲಲ್ಲಿ ಸಂಜೆ ಆರರಿಂದ ಒಂಬತ್ತರವರೆಗೆ, ಆಯುಧಪೂಜೆಗೆ ಮುಂಚಿನ ಹದಿನೈದು ದಿನ ಹಾಕಿ.